ಹುಳುಮನೆಗೆ ಒಂದು ಹಲಗೆಯ ಕಂಪ್ಯೂಟರು



ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದು ಬಿಡದಿ, ರಾಮನಗರದ ಕಡೆ ಹೊರಟರೆ ಹಿಪ್ಪುನೇರಳೆ ತೋಟಗಳು ಸಿಗುತ್ತವೆ. ಅಲ್ಲಿ ರೇಷ್ಮೆ ಹುಳು ಸಾಕುವವರನ್ನು ಒಂದು ಮಾತು ಕೇಳಿ: "ನಿನ್ನೆ ನಡುರಾತ್ರಿ ಹುಳುಮನೆಯ ಶಾಖ ಎಷ್ಟಿತ್ತು ಯಜಮಾನರೇ?" "ಯಾರಿಗೆ ಗೊತ್ತು ಸ್ವಾಮಿ, ನಾವು ಮಲಗಿದ್ವಿ" ಅಂದಾರು. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ, ಬೆಳೆದ ಹುಳುವಿಗೆ 24-25 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಇದು ತಪ್ಪಿದರೆ ಹುಳು ಸೊರಗುತ್ತದೆ, ಗೂಡು ತೆಳ್ಳಗಾಗುತ್ತದೆ. ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ನಾವು ಮಲಗಿರುವಾಗ ಎಚ್ಚರವಾಗಿದ್ದು, ಶಾಖವನ್ನೂ ತೇವವನ್ನೂ ಗಳಿಗೆ ಗಳಿಗೆಗೆ ಬರೆದಿಡುವ ಆಳೊಂದಿದೆ. ಅದೇ ಒಂದು ಹಲಗೆಯ ಕಂಪ್ಯೂಟರು. "ಇದೇನಪ್ಪಾ, ಅಂಗೈಯಗಲದ್ದು ಕಂಪ್ಯೂಟರೇ?" ಎಂದು ನಗಬೇಡಿ. ಪೆಟ್ಟಿಗೆಯಷ್ಟು ದೊಡ್ಡ ಯಂತ್ರದ ಮುಖ್ಯ ಭಾಗಗಳೆಲ್ಲ ಇದರ ಒಂದೇ ಹಲಗೆಯ ಮೇಲಿವೆ. ಇವುಗಳಲ್ಲಿ ಹೆಸರಾದದ್ದು ರಾಸ್ಪ್‌ಬೆರಿ ಪೈ. ಮಕ್ಕಳು ಕಡಿಮೆ ಖರ್ಚಿನಲ್ಲಿ ಕಂಪ್ಯೂಟರ್ ವಿದ್ಯೆ ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಡ್ಜಿನವರು 2012ರ ಫೆಬ್ರವರಿ 29ರಂದು ಇದನ್ನು ಮಾರಾಟಕ್ಕೆ ತಂದರು. 2019ರಲ್ಲಿ ಬಂದ ನಾಲ್ಕನೆಯ ಮಾದರಿಯನ್ನು ಹೂಡುವ ಕ್ರಮ ಈಗ ಹೇಳುತ್ತೇನೆ.

ಮೊದಲು ಸಾಮಾನು. ಕೆಂಗೇರಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ಹತ್ತಿರ. ಹಲಗೆ, 5 ವೋಲ್ಟ್ 3 ಆಂಪಿಯರಿನ ಚಾರ್ಜರು, 32 ಜಿಬಿಯ ಪುಟ್ಟ ಮೆಮೊರಿ ಕಾರ್ಡು, ಟಿ.ವಿ.ಗೆ ಜೋಡಿಸುವ ಎಚ್‌ಡಿಎಂಐ ತಂತಿ, ಕೀಬೋರ್ಡು, ಮೌಸು ಇಷ್ಟು ಬೇಕು. ತಂತಿಯ ಒಂದು ತುದಿ ಸಣ್ಣದಿರಬೇಕು, ಕೇಳಿ ತನ್ನಿ. ಪರದೆಗೆ ಮನೆಯ ಟಿ.ವಿ. ಸಾಕು. ಚಾರ್ಜರಿನಲ್ಲಿ ಮಾತ್ರ ಜಿಪುಣತನ ಬೇಡ. ಮೊಬೈಲಿನ ಹಳೆಯ ಚಾರ್ಜರು ಸಾಲದೆ ಬಂದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸುತ್ತದೆ.

ಎರಡನೆಯದು ಕಾರ್ಡು. ಹಲಗೆಗೆ ತಾನಾಗಿ ಏನೂ ತಿಳಿಯದು. ಅದರ ಬುದ್ಧಿಯೆಲ್ಲ ಕಾರ್ಡಿನಲ್ಲಿ. ಬೇರೊಂದು ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಉಚಿತ ತಂತ್ರಾಂಶ ತೆರೆಯಿರಿ. ಯಾವ ಹಲಗೆ, ಯಾವ ವ್ಯವಸ್ಥೆ, ಯಾವ ಕಾರ್ಡು ಎಂದು ಅದು ಕೇಳುತ್ತದೆ. ಹೆಸರು, ಗುಪ್ತಪದ, ವೈಫೈ ಇವನ್ನು ಅಲ್ಲೇ ತುಂಬಿ. ಕಾಲವಲಯ ಕೋಲ್ಕತ್ತ ಎಂದಿರಲಿ. ಕಾರ್ಡಿನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ. ಮದುವೆ ಫೋಟೋ ಇರುವ ಕಾರ್ಡು ಹಾಕೀರಿ, ಜೋಕೆ!

ಮೂರನೆಯದು ಜೋಡಣೆ. ಕಾರ್ಡು, ಟಿ.ವಿ. ತಂತಿ, ಕೀಬೋರ್ಡು, ಮೌಸು ಎಲ್ಲ ಮೊದಲು, ಕರೆಂಟು ಕಡೆಗೆ. ಹಲಗೆಯಲ್ಲಿ ಕೆಂಪು ದೀಪ ಹತ್ತಿದರೆ ಕರೆಂಟು ಬಂತೆಂದು ಅರ್ಥ. ಹಸಿರು ದೀಪ ಮಿಣುಕಿದರೆ ಕಾರ್ಡನ್ನು ಓದುತ್ತಿದೆ. ಮೊದಲ ಸಲ ಸ್ವಲ್ಪ ತಡವಾಗುತ್ತದೆ, ಅವಸರಪಡಬೇಡಿ. ಕನ್ನಡ ಅಕ್ಷರ ಬರೀ ಚೌಕಗಳಾಗಿ ಕಂಡರೆ ಗುಬ್ಬಿ, ನವಿಲು ಎಂಬ ಉಚಿತ ಅಕ್ಷರಶೈಲಿಗಳಿವೆ, ಹಾಕಿಕೊಳ್ಳಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಟಿ.ವಿ. ಆರಿಸಿದ ಹಾಗೆ ಇದರ ಸ್ವಿಚ್ಚನ್ನು ತಟ್ಟನೆ ಆರಿಸಕೂಡದು. ಕಾರ್ಡಿನ ಮೇಲೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಬರಹ ಅರ್ಧಕ್ಕೆ ನಿಂತು ಕಾರ್ಡು ಕೆಡಬಹುದು. ಪರದೆಯ ಪಟ್ಟಿಯಲ್ಲಿ ಶಟ್‌ಡೌನ್ ಒತ್ತಿ, ಹಸಿರು ದೀಪದ ಮಿಣುಕು ನಿಂತ ಮೇಲೆ ಸ್ವಿಚ್ಚು ಆರಿಸಿ. "ನಾವು ಆರಿಸದಿದ್ದರೂ ಕರೆಂಟೇ ಹೋಗ್ತದಲ್ಲ?" ಅನ್ನುತ್ತೀರಿ. ನಿಜ. ಅದಕ್ಕೇ ಹುಳುಮನೆಯಲ್ಲಿ ಇದನ್ನು ಯುಪಿಎಸ್ಸಿಗೆ ಜೋಡಿಸಿ. ಎಲ್ಲವೂ ಸರಿಯಾಗಿ ನಡೆದ ದಿನವೇ ಕಾರ್ಡಿಗೆ ಇನ್ನೊಂದು ನಕಲು ಮಾಡಿ, ಬಿತ್ತನೆ ಬೀಜದ ಹಾಗೆ ಜೋಪಾನವಾಗಿಡಿ. ಈ ಮಾದರಿಗೆ ಸ್ವಂತ ಗಡಿಯಾರವೂ ಇಲ್ಲ. ಇಂಟರ್ನೆಟ್ಟಿನಿಂದ ಹೊತ್ತು ತಿಳಿಯುತ್ತದೆ. ಸಂಪರ್ಕವಿಲ್ಲದೆ ಮತ್ತೆ ಹೊತ್ತಿಸಿದರೆ ನಡುರಾತ್ರಿಯ ಲೆಕ್ಕ ಹಗಲಿನದೆಂದು ಬರೆದೀತು.

ಇಷ್ಟಾದ ಮೇಲೆ ಶಾಖ-ತೇವ ಅಳೆಯುವ ಡಿಎಚ್‌ಟಿ 22 ಎಂಬ ಸಂವೇದಕವನ್ನು ಮೂರು ತಂತಿಯಲ್ಲಿ ಸೇರಿಸಬಹುದು. ಹಲಗೆ ಆರಿಸಿದ ಮೇಲೆಯೇ ತಂತಿ ಮುಟ್ಟಿ. ಅದಕ್ಕೆ 3.3 ವೋಲ್ಟಿನ ಕಡ್ಡಿಯಿಂದಲೇ ಕರೆಂಟು ಕೊಡಿ. ಸುದ್ದಿ ತರುವ ತಂತಿಯ ಕಡ್ಡಿಗೆ 5 ವೋಲ್ಟ್ ತಾಗಿದರೆ ಹಲಗೆ ಸುಟ್ಟೀತು. ಲೆಕ್ಕ ಬರೆಸುವ ಪೈಥಾನ್ ಸಾಲುಗಳನ್ನು ಕಾಲೇಜಿಗೆ ಹೋಗುವ ಮಗಳೋ ಮಗನೋ ಬರೆದುಕೊಟ್ಟಾರು. ಹುಳುಮನೆಗೆ ಬ್ಲೀಚಿಂಗ್ ಪುಡಿ ಹೊಡೆಯುವ ದಿನ ಎಲ್ಲವನ್ನೂ ಬಿಚ್ಚಿ ಹೊರಗಿಡಿ. ಆ ಗಾಳಿಗೆ ಲೋಹ ತುಕ್ಕು ಹಿಡಿಯುತ್ತದೆ.

ಯಂತ್ರ ಲೆಕ್ಕವನ್ನಷ್ಟೇ ಹೇಳುತ್ತದೆ. ಕಿಟಕಿ ತೆರೆಯುವುದು, ಒದ್ದೆ ಗೋಣಿ ಕಟ್ಟುವುದು ನಮ್ಮ ಕೈಯ ಕೆಲಸ. ಆದರೆ ಯಾವ ಹೊತ್ತಿಗೆ ಏಳಬೇಕೆಂಬುದು ಆ ಲೆಕ್ಕದಿಂದ ತಿಳಿಯುತ್ತದೆ.