ಹಳೆಯ ಮೋಟಾರಿನಲ್ಲಿ ನೀರಿನ ಸೋರಿಕೆ

2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರು ಇಂದಿಗೂ ಕೆಲವರ ಮನೆಗಳಲ್ಲಿ ಉಂಟು. ಅದರ ರೇಡಿಯೇಟರಿನ ನೀರು ದಿನೇ ದಿನೇ ಇಳಿಯುತ್ತಿದ್ದರೂ ನೆಲದ ಮೇಲೆ ತೇವವೇ ಕಾಣದಿರುವುದುಂಟು. ಇದಕ್ಕೆ ಕಾರಣ ಒತ್ತಡ. ಮುಚ್ಚಳದ ಸ್ಪ್ರಿಂಗು ಒಳಗಿನ ಒತ್ತಡವನ್ನು ಅರ್ಧ ವಾಯುಭಾರದಷ್ಟು ಏರಗೊಟ್ಟರೆ, ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯತಕ್ಕ ನೀರು ಸುಮಾರು 111 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ. ಈ ಒತ್ತಡದಲ್ಲಿ ಬಾಯ್ದೆರೆಯುವ ಸಣ್ಣ ಬಿರುಕು ಎಂಜಿನು ತಣಿದಾಗ ಮುಚ್ಚಿಕೊಳ್ಳುತ್ತದೆ. ಸೋರಿದ ನೀರು ಬಿಸಿ ಲೋಹದ ಮೇಲೆ ಆವಿಯಾಗುತ್ತದೆ. ಉಳಿಯುವುದು ಬಿಳಿಯ ಅಥವಾ ಹಸುರು ಕಲೆ ಮಾತ್ರ. ಎಂಜಿನು ಪೂರ್ಣವಾಗಿ ತಣಿದ ಮೇಲೆ ಅದನ್ನು ಹುಡುಕಬೇಕು. ಬಿಸಿಯಲ್ಲಿ ಮುಚ್ಚಳ ತೆರೆಯುವುದು ಸರ್ವಥಾ ಸಲ್ಲದು: ಒತ್ತಡ ಇಳಿದೊಡನೆ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಕಲೆಯು ರಬ್ಬರು ಕೊಳವೆಯ ತುದಿಯಲ್ಲಿದ್ದರೆ ಕ್ಲಿಪ್ಪನ್ನು ಬಿಗಿದು ನೋಡಬಹುದು. ಕೊಳವೆ ಉಬ್ಬಿದ್ದರೆ ಹೊಸದನ್ನೇ ಹಾಕಬೇಕು. ಎಲ್ಲಿಯೂ ಕಲೆಯಿಲ್ಲದೆ ಎಂಜಿನಿನ ಎಣ್ಣೆ ಮಜ್ಜಿಗೆಯಂತಾಗಿದ್ದರೆ ದೋಷ ಒಳಗಿನದು. ಅದು ಮನೆಯ ಕೆಲಸವಲ್ಲ.

ರೇಡಿಯೇಟರೇ ತೂತಾದಾಗ ಅದರೊಳಕ್ಕೆ ಅರಿಶಿನದ ಪುಡಿ ಹಾಕುವ ರೂಢಿ ಚಾಲಕರಲ್ಲಿದೆ. ಇದು ನಗತಕ್ಕ ಮಾತಲ್ಲ. ಪುಡಿಯ ಕಣಗಳು ನೀರಿನೊಡನೆ ಸಾಗಿ ತೂತಿನಲ್ಲಿ ಸಿಕ್ಕಿ ಅದನ್ನು ಮುಚ್ಚುತ್ತವೆ. ಆದರೆ ತೂತು ಯಾವುದು, ನೀರು ಹರಿಯಬೇಕಾದ ಸಣ್ಣ ನಾಳ ಯಾವುದು ಎಂಬ ವಿವೇಚನೆ ಅವಕ್ಕಿಲ್ಲ. ನಾಳ ಕಟ್ಟಿದರೆ ಎಂಜಿನೇ ಸುಟ್ಟೀತು. ಆದ್ದರಿಂದ ಈ ಉಪಾಯ ಊರು ಸೇರುವವರೆಗೆ ಮಾತ್ರ. ಹಳೆಯ ರೇಡಿಯೇಟರು ತಾಮ್ರ ಹಿತ್ತಾಳೆಗಳದಾದುದರಿಂದ ಕಳಚಿ ಬೆಸುಗೆ ಹಾಕಬಹುದು. ಬಳಿಕ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ತುಂಬಿ, ಗುಳ್ಳೆ ಏಳದಿರುವುದನ್ನು ಕಂಡೇ ಮತ್ತೆ ಜೋಡಿಸತಕ್ಕದ್ದು.