ಚಳಿಗಾಲದಲ್ಲಿ ವ್ಯಾಯಾಮ: ಸಾರ್ವಜನಿಕರ ಮಾಹಿತಿಗಾಗಿ

ರಾಜ್ಯದಲ್ಲಿ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಚಳಿಯು ಹೆಚ್ಚಾಗಿರುತ್ತದೆ. ಬೀದರ್, ವಿಜಯಪುರ ಮುಂತಾದ ಜಿಲ್ಲೆಗಳಲ್ಲಿ ಮುಂಜಾನೆಯ ಉಷ್ಣಾಂಶವು ಕೆಲವು ದಿನ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಈ ಅವಧಿಯಲ್ಲಿ ಅನೇಕರು ನಡಿಗೆಯನ್ನು ನಿಲ್ಲಿಸಿಬಿಡುತ್ತಾರೆ. ಮತ್ತೆ ಕೆಲವರು, ವಿಶೇಷವಾಗಿ ಹಿರಿಯರು, ನಸುಕಿನ ಚಳಿಯಲ್ಲಿಯೇ ಹೊರಡುತ್ತಾರೆ. ಇವೆರಡೂ ಆರೋಗ್ಯಕ್ಕೆ ಹಿತಕರವಲ್ಲ.

ಎಷ್ಟು ವ್ಯಾಯಾಮ ಅಗತ್ಯ?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಅವಶ್ಯಕ. ದಿನಕ್ಕೆ 30 ನಿಮಿಷಗಳಂತೆ ವಾರದಲ್ಲಿ 5 ದಿನ ಬಿರುಸಾಗಿ ನಡೆದಲ್ಲಿ 150 ನಿಮಿಷಗಳು ಪೂರ್ಣಗೊಳ್ಳುತ್ತವೆ. ಇದನ್ನು ದಿನಕ್ಕೆ ಮೂರು ಬಾರಿ, 10 ನಿಮಿಷಗಳಂತೆ ವಿಂಗಡಿಸಿಕೊಳ್ಳಬಹುದು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕು.

ಚಳಿಯಲ್ಲಿ ಎಚ್ಚರಿಕೆ ಏಕೆ?

ದೇಹವು ಶಾಖವನ್ನು ಉಳಿಸಿಕೊಳ್ಳಲು ಚರ್ಮದ ಬಳಿಯ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಇದರಿಂದ ರಕ್ತದೊತ್ತಡ ಏರಿ, ಹೃದಯದ ಮೇಲಿನ ಹೊರೆ ಹೆಚ್ಚುತ್ತದೆ. ತಂಪಾದ ಒಣಗಾಳಿಯು ಆಸ್ತಮಾ ಪೀಡಿತರ ಉಸಿರಾಟಕ್ಕೆ ತೊಂದರೆ ಉಂಟುಮಾಡಬಹುದು. ನಗರಗಳಲ್ಲಿ ಗಾಳಿಯ ಚಲನೆ ಇಲ್ಲದ ಮುಂಜಾನೆ ಹೊಗೆ ಮತ್ತು ಧೂಳು ನೆಲದ ಸಮೀಪವೇ ಉಳಿಯುತ್ತವೆ, ಬಿಸಿಲೇರಿದಂತೆ ಚದುರುತ್ತವೆ.

ಹೊರಾಂಗಣದಲ್ಲಿ ಪಾಲಿಸಬೇಕಾದ ಕ್ರಮಗಳು

1. ಹಿರಿಯರು, ಹೃದ್ರೋಗ ಹಾಗೂ ರಕ್ತದೊತ್ತಡ ಉಳ್ಳವರು ಸೂರ್ಯೋದಯದ ನಂತರ ಅಥವಾ ಸಂಜೆ ಬೆಳಕಿರುವಾಗ ನಡೆಯುವುದು ಸೂಕ್ತ.
2. ಮೊದಲ 5ರಿಂದ 10 ನಿಮಿಷ ನಿಧಾನವಾಗಿ ನಡೆದು, ಬಳಿಕ ವೇಗ ಹೆಚ್ಚಿಸತಕ್ಕದ್ದು.
3. ಒಂದೇ ದಪ್ಪ ಉಡುಪಿಗೆ ಬದಲಾಗಿ ಎರಡು ಮೂರು ತೆಳು ಉಡುಪು ಧರಿಸಿ, ತಲೆ ಮತ್ತು ಕಿವಿಗಳನ್ನು ಮುಚ್ಚಿಕೊಳ್ಳಬೇಕು. ಬೆವರಿನಿಂದ ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸಬೇಕು.
4. ಮಂಜು ಕವಿದಾಗ ತಿಳಿಬಣ್ಣದ ಉಡುಪು ಧರಿಸಬೇಕು. ಕಾಲುದಾರಿ ಇಲ್ಲದ ರಸ್ತೆಯಲ್ಲಿ ಎದುರಿನ ವಾಹನಗಳು ಕಾಣುವಂತೆ ಬಲಬದಿಯಲ್ಲಿ ಸಾಗಬೇಕು.
5. ಬಾಯಾರಿಕೆ ಕಡಿಮೆಯಿದ್ದರೂ ನೀರು ಕುಡಿಯುವುದನ್ನು ಮರೆಯಬಾರದು.

ಒಳಾಂಗಣ ವ್ಯಾಯಾಮ

ಚಳಿ ತೀವ್ರವಾಗಿದ್ದಲ್ಲಿ ಮನೆಯಲ್ಲಿಯೇ ಸೂರ್ಯನಮಸ್ಕಾರ, ಯೋಗಾಸನ, ಹಗ್ಗದಾಟ, ನಿಂತಲ್ಲೇ ನಡಿಗೆ ಅಥವಾ ಮೆಟ್ಟಿಲು ಹತ್ತುವುದನ್ನು ಶಕ್ತ್ಯಾನುಸಾರ ಮಾಡಬಹುದು. ಮಂಡಿನೋವು ಉಳ್ಳವರು ಮೆಟ್ಟಿಲು ಹಾಗೂ ಹಗ್ಗದಾಟವನ್ನು ಬಿಟ್ಟು, ಕುರ್ಚಿಯಲ್ಲಿ ಕುಳಿತು ಕೈಕಾಲುಗಳ ವ್ಯಾಯಾಮ ಮಾಡಬಹುದು. 65 ವರ್ಷ ಮೀರಿದವರು ವಾರಕ್ಕೆ 3 ದಿನ ಸಮತೋಲನದ ಅಭ್ಯಾಸ ಮಾಡುವುದರಿಂದ ಬೀಳುವ ಅಪಾಯ ತಗ್ಗುತ್ತದೆ. ಮನೆಗೆಲಸ, ತೋಟದ ಕೆಲಸಗಳೂ ದೈಹಿಕ ಚಟುವಟಿಕೆಯೇ ಆಗಿವೆ. ಕೋಣೆಯಲ್ಲಿ ಗಾಳಿಯಾಡುವಂತಿರಬೇಕು, ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಕೆಂಡ ಇಡಬಾರದು, ಅದರಿಂದ ಹೊರಬರುವ ವಿಷಾನಿಲವು ಪ್ರಾಣಾಪಾಯಕಾರಿ.

ತಕ್ಷಣ ನಿಲ್ಲಿಸಬೇಕಾದ ಸಂದರ್ಭ

ಎದೆಯಲ್ಲಿ ಬಿಗಿತ ಅಥವಾ ನೋವು, ಎಡತೋಳು ಅಥವಾ ದವಡೆಗೆ ಹರಡುವ ನೋವು, ಅತಿಯಾದ ಏದುಸಿರು, ತಲೆಸುತ್ತು, ತಣ್ಣನೆಯ ಬೆವರು ಕಂಡುಬಂದಲ್ಲಿ ವ್ಯಾಯಾಮ ನಿಲ್ಲಿಸಿ ಕುಳಿತುಕೊಳ್ಳಬೇಕು. ಇದನ್ನು ಚಳಿಯ ಆಯಾಸ ಅಥವಾ ವಾಯುಬಾಧೆ ಎಂದು ಭಾವಿಸಿ ಕಾಲಹರಣ ಮಾಡದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ತೆರಳಬೇಕು.

ಹೊಸದಾಗಿ ವ್ಯಾಯಾಮ ಆರಂಭಿಸುವ ಹಿರಿಯರು ಹಾಗೂ ದೀರ್ಘಕಾಲದ ಕಾಯಿಲೆ ಉಳ್ಳವರು ಮುಂಚಿತವಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಲಹೆ ಪಡೆಯಲು ಹಾಗೂ ಔಷಧಿಗಳನ್ನು ತಪ್ಪದೇ ಸೇವಿಸಲು ಕೋರಲಾಗಿದೆ.