ಇದರ ಬಾಯಿ ಎಲ್ಲದಪಾ?

ಬೇಸಿಗೆಯ ಮಧ್ಯಾಹ್ನ ಜೇವರ್ಗಿಯ ಬಸ್ ನಿಲ್ದಾಣದಲ್ಲಿ ನಿಂತವರಿಗೆ ನೆರಳು ಸಿಕ್ಕರೆ ಅದೇ ಪುಣ್ಯ. ಕಲಬುರಗಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳೆಂದರೆ ಪಾದರಸ 40 ಡಿಗ್ರಿ ದಾಟಿಯೇ ಮಾತನಾಡುತ್ತದೆ. ಬಸ್ಸಿನಿಂದ ಇಳಿದ ಮುದುಕರೊಬ್ಬರು ಅಂಗಡಿಗೆ ಬಂದು ಮಾವಿನ ರಸದ ಪುಟ್ಟ ಪೆಟ್ಟಿಗೆಯೊಂದನ್ನು ಕೊಳ್ಳುತ್ತಾರೆ. ದುಡ್ಡು ಕೊಟ್ಟದ್ದಾಯಿತು, ಪೆಟ್ಟಿಗೆ ಕೈಗೆ ಬಂದದ್ದೂ ಆಯಿತು. ಮುಂದೆ? ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಬೆನ್ನಿಗೆ ಅಂಟಿದ ಕೊಳವೆಯನ್ನು ಕೀಳಲು ಉಗುರು ಸಾಲದು. ಕೊನೆಗೆ ಪಕ್ಕದ ಹುಡುಗನ ಕಡೆ ಚಾಚುತ್ತಾರೆ.

‘ತಮ್ಮಾ, ಇದರ ಬಾಯಿ ಎಲ್ಲದಪಾ?’

‘ತಾ ಮುತ್ಯಾ, ನಾ ತೆಗದು ಕೊಡ್ತೀನಿ.’

ಇಂಥ ನೋಟ ಆಳಂದದ ಸಂತೆಯಲ್ಲಿ, ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆಂದು ಬಂದವರ ನಡುವೆ, ಎಲ್ಲಿ ಬೇಕಾದರೂ ಕಂಡೀತು. ಹುಡುಗ ಪಕ್ಕದಲ್ಲಿದ್ದರೆ ಸರಿ. ಇಲ್ಲದಿದ್ದರೆ? ದಾಹ ಗಂಟಲಲ್ಲಿ, ನೀರಡಿಕೆ ನೀಗುವ ವಸ್ತು ಕೈಯಲ್ಲಿ. ನಡುವೆ ಅಡ್ಡ ನಿಂತದ್ದು ಕಾಗದದ ಒಂದು ಗೋಡೆ!

ಅಂಗಡಿಯವನ ಕೆಲಸ ಗಿರಾಕಿಯ ಕೈಗೆ

ಹಿಂದೆ ಈ ತೊಂದರೆ ಇರಲಿಲ್ಲವೆ? ಇತ್ತು, ಆದರೆ ಅದು ಕುಡಿಯುವವನದಾಗಿರಲಿಲ್ಲ. ಎಳನೀರನ್ನು ಕೆತ್ತಿ ಕೊಡುವವನು ಮಾರುವವನೇ. ಗೋಲಿ ಸೋಡಾದ ಕಥೆಯೂ ಅಷ್ಟೆ. ಹಿರಾಮ್ ಕಾಡ್ ಎಂಬ ಇಂಗ್ಲೆಂಡಿನ ಎಂಜಿನಿಯರು 1872ರಲ್ಲಿ ಪೇಟೆಂಟ್ ಪಡೆದ ಆ ಸೀಸೆಯಲ್ಲಿ ಒಳಗಿನ ಅನಿಲವೇ ಗೋಲಿಯನ್ನು ರಬ್ಬರ್ ಬಳೆಗೆ ಒತ್ತಿ ಹಿಡಿದಿರುತ್ತದೆ. ಅಂಗಡಿಯವನು ಒಂದೇ ಒತ್ತು ಕೊಟ್ಟು ಗೋಲಿಯನ್ನು ಒಳಕ್ಕೆ ಇಳಿಸಿ, ಸೀಸೆಯನ್ನು ಗಿರಾಕಿಯ ಕೈಗಿಡುತ್ತಿದ್ದ. ತಗಡಿನ ಮುಚ್ಚಳದ ಬಾಟಲಿಗಳು ಬಂದಾಗಲೂ ಓಪನರ್ ಅಂಗಡಿಯಲ್ಲೇ ದಾರಕ್ಕೆ ಕಟ್ಟಿ ತೂಗಾಡುತ್ತಿತ್ತು.

ಕಾಗದದ ಪೆಟ್ಟಿಗೆ ಬಂದದ್ದೇ ತಡ, ತೆರೆಯುವ ಕೆಲಸ ಗಿರಾಕಿಯ ಪಾಲಾಯಿತು. ಅಮೆರಿಕದ ಟೊಲಿಡೊ ನಗರದ ಜಾನ್ ವಾನ್ ವರ್ಮರ್ 1915ರಲ್ಲಿ ಮನೆಯ ಮಾಳಿಗೆಯಂತೆ ಮಡಿಕೆಯಿರುವ ಕಾಗದದ ಹಾಲಿನ ಪೆಟ್ಟಿಗೆಗೆ ಪೇಟೆಂಟ್ ಪಡೆದರು. ಸ್ವೀಡನ್ನಿನಲ್ಲಿ ರೂಬೆನ್ ರೌಸಿಂಗ್ ಅವರ ಬಳಿ ಕೆಲಸಕ್ಕಿದ್ದ ಎರಿಕ್ ವಾಲೆನ್‌ಬರ್ಗ್ 1944ರಲ್ಲಿ ನಾಲ್ಕು ಮುಖದ, ಸಮೋಸದಂಥ ಪೊಟ್ಟಣವನ್ನು ರೂಪಿಸಿದರು. 1951ರಲ್ಲಿ ಲುಂಡ್ ಪಟ್ಟಣದಲ್ಲಿ ಟೆಟ್ರಾ ಪ್ಯಾಕ್ ಕಂಪನಿ ಹುಟ್ಟಿತು. ಇಂದು ನಾವು ಕಾಣುವ ಇಟ್ಟಿಗೆಯಾಕಾರದ ಪೆಟ್ಟಿಗೆ ಬಂದದ್ದು 1963ರಲ್ಲಿ. ನಮ್ಮ ದೇಶದಲ್ಲಿ 1985ರಲ್ಲಿ ಮಾರುಕಟ್ಟೆಗಿಳಿದ ಫ್ರೂಟಿ, ಪೆಟ್ಟಿಗೆಗೆ ಕೊಳವೆ ಚುಚ್ಚಿ ಕುಡಿಯುವುದನ್ನು ಮಕ್ಕಳಿಗೆಲ್ಲ ಕಲಿಸಿತು. ಮಕ್ಕಳು ಕಲಿತರು, ಮುತ್ಯಾಗಳಿಗೆ ಕಲಿಸುವವರಾರು?

ಆರು ಪದರದ ಕೋಟೆ

ಪೆಟ್ಟಿಗೆ ಇಷ್ಟು ಗಟ್ಟಿಯೇಕೆ ಎಂಬುದಕ್ಕೆ ಕಾರಣವಿದೆ. ಹಾಲನ್ನು ಸುಮಾರು 135ರಿಂದ 140 ಡಿಗ್ರಿಯವರೆಗೆ ಕೆಲವೇ ಸೆಕೆಂಡು ಕಾಯಿಸಿ, ತಕ್ಷಣ ತಣಿಸಿ, ಸೂಕ್ಷ್ಮಾಣುಗಳಿಲ್ಲದ ವಾತಾವರಣದಲ್ಲಿ ತುಂಬುತ್ತಾರೆ. ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ‘ಗುಡ್‌ಲೈಫ್’ ಇಂಥ ಹಾಲು. ಒಡೆಯದಿದ್ದರೆ ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಿಸಿಲೂ ಹೆಚ್ಚು, ಕರೆಂಟಿನ ಕಾಟವೂ ಉಂಟು ಎನ್ನುವ ಊರುಗಳಿಗೆ ಇದಕ್ಕಿಂತ ಉಪಕಾರ ಬೇರೇನು?

ಈ ಉಪಕಾರದ ಗುಟ್ಟು ಪೆಟ್ಟಿಗೆಯ ಗೋಡೆಯಲ್ಲಿದೆ. ಅದರಲ್ಲಿ ಸಾಮಾನ್ಯವಾಗಿ ಆರು ಪದರ. ನಿಲ್ಲುವ ಶಕ್ತಿ ಕೊಡುವುದು ದಪ್ಪ ಕಾಗದ. ಬೆಳಕನ್ನೂ ಗಾಳಿಯನ್ನೂ ತಡೆಯುವುದು ಕೂದಲೆಳೆಗಿಂತ ತೆಳುವಾದ ಅಲ್ಯುಮಿನಿಯಂ ಹಾಳೆ. ತೇವ ತಡೆದು, ಅಂಚುಗಳನ್ನು ಬೆಸೆಯುವುದು ಪಾಲಿಥೀನ್ ಪದರಗಳು. ಒಂದು ಸೂಜಿಮೊನೆಯಷ್ಟು ಸೀಳು ಬಿಟ್ಟರೂ ಒಳಗಿನ ಹಾಲು ಕೆಟ್ಟಿತು. ಲಾರಿಯಲ್ಲಿ ಕುಲುಕಿದರೂ, ಒಂದರ ಮೇಲೊಂದು ಪೇರಿಸಿದರೂ ಬೆಸುಗೆ ಬಿಡಬಾರದು.

ವಿನ್ಯಾಸಕಾರನ ಇಕ್ಕಟ್ಟು ಇಲ್ಲೇ. ಅದೇ ಬೆಸುಗೆ, ದಾರಿಯುದ್ದಕ್ಕೂ ಬಿಡಬಾರದು. ಮುದುಕನ ಬೆರಳು ತಾಗಿದೊಡನೆ ಬಿಡಬೇಕು! ಇದಕ್ಕೆ ಕಂಡುಕೊಂಡ ಉಪಾಯ, ಗೋಡೆಯನ್ನು ಒಂದೇ ಕಡೆ ಬೇಕೆಂದೇ ದುರ್ಬಲಗೊಳಿಸುವುದು. ಕೊಳವೆ ಚುಚ್ಚುವ ಜಾಗದಲ್ಲಿ ದಪ್ಪ ಕಾಗದಕ್ಕೆ ಮೊದಲೇ ತೂತು ಹೊಡೆದು, ಅದರ ಮೇಲೆ ಪ್ಲಾಸ್ಟಿಕ್ ಮತ್ತು ಅಲ್ಯುಮಿನಿಯಂ ಪದರಗಳನ್ನಷ್ಟೆ ಹೊದಿಸಿರುತ್ತಾರೆ. ಹರಿದು ತೆರೆಯುವ ಪೆಟ್ಟಿಗೆಗಳ ಕಿವಿಯಲ್ಲಿ ಸಾಲಾಗಿ ಸಣ್ಣ ರಂಧ್ರಗಳ ಗೆರೆ ಇರುತ್ತದೆ. ತಿರುಪು ಮುಚ್ಚಳದ ಕೆಲವು ಪೆಟ್ಟಿಗೆಗಳಲ್ಲಿ, ತಿರುಗಿಸುವಾಗ ಒಳಗಿನ ಹಲ್ಲುಳ್ಳ ಬಳೆಯೇ ಪೊರೆಯನ್ನು ಕತ್ತರಿಸುತ್ತದೆ.

ಚಿವುಟುವ ಬೆರಳು, ಹಿಡಿಯುವ ಅಂಗೈ

ಹಾಗಾದರೂ ಕಷ್ಟವೇಕೆ? ಹತ್ತಿ ಬಿಡಿಸಿ, ತೊಗರಿ ಕೊಯ್ದು, ಜೋಳದ ರೊಟ್ಟಿ ತಟ್ಟಿ ಸವೆದ ಕೈಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಮನುಷ್ಯನ ಅಂಗೈ ಹಿಡಿತಕ್ಕೆ ಹೋಲಿಸಿದರೆ ಎರಡು ಬೆರಳಿನ ಚಿವುಟು ಬಹಳ ದುರ್ಬಲ. ವಯಸ್ಸಾದಂತೆ, ಕೀಲುನೋವು ಬಂದಂತೆ, ಆ ಚಿವುಟಿನ ಬಲ ಇನ್ನೂ ಇಳಿಯುತ್ತದೆ. ಕಣ್ಣು ಮಂಜಾದವರಿಗೆ ಬಾಣದ ಗುರುತಾಗಲಿ ಚುಕ್ಕೆ ಗೆರೆಯಾಗಲಿ ಕಾಣುವುದಿಲ್ಲ. ಪೆಟ್ಟಿಗೆಗಳು ಕೇಳುವುದೇ ಈ ಎರಡನ್ನು: ಬೆರಳ ತುದಿಯ ಚಿವುಟು, ಹತ್ತಿರದ ಚುರುಕು ದೃಷ್ಟಿ.

ಆದ್ದರಿಂದ ಒಳ್ಳೆಯ ವಿನ್ಯಾಸ ಚಿವುಟನ್ನು ಬಿಟ್ಟು ಹಿಡಿತವನ್ನು ನಂಬುತ್ತದೆ. ಮುಚ್ಚಳ ಅಗಲವಾದಷ್ಟೂ ತಿರುಗಿಸಲು ಬೇಕಾದ ಬಲ ಕಡಿಮೆ. ಅಂಚಿಗೆ ಗೀರುಗಳಿದ್ದರೆ ಬೆವರಿದ ಕೈಯೂ ಜಾರದು. ಎಳೆಯುವ ಪಟ್ಟಿ ಎರಡು ಬೆರಳು ಹಿಡಿಸುವಷ್ಟು ಉದ್ದವಿರಬೇಕು.

ಅಂತರರಾಷ್ಟ್ರೀಯ ಮಾನಕ ಸಂಸ್ಥೆ 2015ರಲ್ಲಿ, ಪೊಟ್ಟಣಗಳು ಸುಲಭವಾಗಿ ತೆರೆಯುವಂತಿರಬೇಕೆಂದು ಪ್ರತ್ಯೇಕ ಮಾನಕವನ್ನೇ (ಐಎಸ್ಒ 17480) ಹೊರತಂದಿತು. ತೆರೆಯಲು ಬೇಕಾದ ಬಲವನ್ನು ಯಂತ್ರದಿಂದ ಅಳೆಯಬಹುದು. ಜನರ ಕೈಗೇ ಕೊಟ್ಟು ತೆರೆಸಿ ನೋಡಲೂಬಹುದು. ಜಪಾನಿನ ಉಪಾಯ ಇನ್ನೂ ಸರಳ. ಅಲ್ಲಿ 2001ರಿಂದ ಹಾಲಿನ ಪೆಟ್ಟಿಗೆಯ ನೆತ್ತಿಯ ಅಂಚಿನಲ್ಲಿ ಅರ್ಧಚಂದ್ರಾಕಾರದ ಒಂದು ಕಚ್ಚು ಇಡಲಾರಂಭಿಸಿದರು. ಅಂಧರು ಮುಟ್ಟಿ ನೋಡಿದರೆ ಸಾಕು, ಇದು ಹಾಲು ಎಂದು ತಿಳಿಯುತ್ತದೆ. ಕಚ್ಚಿನ ಎದುರು ಬದಿಯೇ ತೆರೆಯುವ ಬಾಯಿ ಎಂಬುದೂ ಗೊತ್ತಾಗುತ್ತದೆ. ಖರ್ಚೆಷ್ಟು? ಕಾಗದ ಕತ್ತರಿಸುವ ಅಚ್ಚಿನಲ್ಲಿ ಒಂದು ಸಣ್ಣ ಬದಲಾವಣೆ.

ನಮ್ಮಲ್ಲಿಯೂ ಕಾನೂನಿಗೆ ಕಣ್ಣಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 43ನೆಯ ವಿಧಿ, ಎಲ್ಲರೂ ಬಳಸಬಲ್ಲ ವಿನ್ಯಾಸದ ಗ್ರಾಹಕ ವಸ್ತುಗಳ ತಯಾರಿಕೆ ಮತ್ತು ಹಂಚಿಕೆಯನ್ನು ಸರ್ಕಾರ ಉತ್ತೇಜಿಸಬೇಕೆನ್ನುತ್ತದೆ. ಹಾಲು, ಹಣ್ಣಿನ ರಸಕ್ಕಿಂತ ದೊಡ್ಡ ಗ್ರಾಹಕ ವಸ್ತು ಯಾವುದು?

ಮೆತ್ತಗಾದ ಕೊಳವೆ

ಇದರ ನಡುವೆ ಇನ್ನೊಂದು ತೊಡಕು. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂತು. ಪಟ್ಟಿಯಲ್ಲಿ ಕೊಳವೆಯೂ ಇತ್ತು. ತಂಪು ಪಾನೀಯದವರು ಕಾಗದದ ಕೊಳವೆಗೆ ತಿರುಗಿದರು. ಚರಂಡಿಗೂ ದನದ ಹೊಟ್ಟೆಗೂ ಪ್ಲಾಸ್ಟಿಕ್ ಸೇರುವುದು ತಪ್ಪಲೆಂಬ ಉದ್ದೇಶ ಒಳ್ಳೆಯದೇ. ಆದರೆ ಕಾಗದದ ಮೊನೆ ಒಮ್ಮೆ ಗುರಿ ತಪ್ಪಿದರೆ ಮಡಿಸಿಕೊಳ್ಳುತ್ತದೆ, ತೇವವಾದರೆ ಮೆತ್ತಗಾಗುತ್ತದೆ. ನಡುಗುವ ಕೈಗೆ ಎರಡನೆಯ ಅವಕಾಶವಿಲ್ಲ. ಪರಿಸರದ ಲೆಕ್ಕ ಸರಿಹೋಗುವಾಗ ಮುದುಕರ ಲೆಕ್ಕ ತಪ್ಪಬಾರದು. ಕೊಳವೆಯೇ ಬೇಡದ, ಎಳೆದು ತೆರೆಯುವ ಪಟ್ಟಿಯ ಬಾಯಿ ಇದಕ್ಕೊಂದು ದಾರಿ.

ಒಳ್ಳೆಯ ಪೆಟ್ಟಿಗೆ ಬರುವವರೆಗೆ

ಅಲ್ಲಿಯವರೆಗೆ ಕೆಲವು ಸಣ್ಣ ಜಾಣತನ ಸಾಕು. ಪೆಟ್ಟಿಗೆಯ ಹೊಟ್ಟೆ ಹಿಡಿದು ಚುಚ್ಚಿದರೆ ರಸ ಅಂಗಿಯ ಮೇಲೆ ಚಿಮ್ಮುತ್ತದೆ. ಮೇಜಿನ ಮೇಲಿಟ್ಟು, ಮೇಲಿನ ಅಂಚನ್ನು ಹಿಡಿಯಬೇಕು. ಕೊಳವೆಯ ಓರೆಯಾಗಿ ಕತ್ತರಿಸಿದ ತುದಿಯನ್ನೇ ನೆಟ್ಟಗೆ ಚುಚ್ಚಬೇಕು. ಹರಿಯುವ ಪೆಟ್ಟಿಗೆಯಾದರೆ ಕಿವಿಯನ್ನು ಮೊದಲು ಮೇಲೆತ್ತಿ, ಹಿಂದೆ ಮುಂದೆ ಮಡಿಸಿ, ಆಮೇಲೆ ಗೆರೆಯಗುಂಟ ಹರಿಯಬೇಕು. ಹಲ್ಲು ಹಾಕುವುದಂತೂ ಬೇಡ. ತೊಳೆದ ಕತ್ತರಿ ಮೇಲು. ಹಾಲಿನ ಪ್ಲಾಸ್ಟಿಕ್ ಪೊಟ್ಟಣದ ಮೂಲೆಯನ್ನು ಪೂರ್ತಿ ಕತ್ತರಿಸದೆ ಪೊಟ್ಟಣಕ್ಕೇ ಅಂಟಿರುವಂತೆ ಬಿಟ್ಟರೆ, ಆ ಚೂರು ಕಸದಲ್ಲಿ ಕಳೆದುಹೋಗುವುದಿಲ್ಲ. ಇನ್ನೊಂದು ಮಾತು: ತಿಂಗಳುಗಟ್ಟಲೆ ಬಾಳಿಕೆ ಮುಚ್ಚಿದ ಪೆಟ್ಟಿಗೆಗೆ ಮಾತ್ರ. ಬಾಯಿ ತೆರೆದ ಮೇಲೆ ಅದೂ ಸಾಮಾನ್ಯ ಹಾಲೇ. ಫ್ರಿಜ್ ಇಲ್ಲದ ಮನೆಯಲ್ಲಿ ಬೇಗನೆ ಮುಗಿಸಬೇಕು.

ಅಂಗಡಿಕಾರರೂ ಹಳೆಯ ರೂಢಿಯನ್ನು ಮರೆಯಬೇಕಿಲ್ಲ. ಗೋಲಿ ಸೋಡಾ ಒತ್ತಿ ಕೊಡುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು ಕೊಳವೆಯೊಂದನ್ನು ಚುಚ್ಚಿ ಕೊಟ್ಟರೆ ವ್ಯಾಪಾರಕ್ಕೇನೂ ನಷ್ಟವಿಲ್ಲ.

ಆದರೆ ಪೂರ್ತಿ ಪರಿಹಾರ ಅದಲ್ಲ. ಮನೆಯವರೆಲ್ಲ ಹೊಲಕ್ಕೆ ಹೋದ ಮೇಲೆ ಜ್ವರದಲ್ಲಿ ಮಲಗಿದ ಆಯಿಗೆ ಒಂದು ಗುಟುಕು ಹಾಲು ಬೇಕೆನಿಸಿದಾಗ ಅಲ್ಲಿ ಅಂಗಡಿಯವನೂ ಇಲ್ಲ, ‘ತಮ್ಮ’ನೂ ಇಲ್ಲ. ಆಕೆಯ ಎರಡು ಕೈಗಳಷ್ಟೆ. ಪೆಟ್ಟಿಗೆ ರೂಪಿಸುವವರು ಆ ಕೈಗಳನ್ನು ನೆನೆದು ಗೆರೆ ಎಳೆದರೆ, ಅದರ ಬಾಯಿ ಎಲ್ಲಿದೆಯೆಂದು ಆಕೆ ಯಾರನ್ನೂ ಕೇಳಬೇಕಾಗಿಲ್ಲ.